ಉಗ್ಗುವವಳ ಸಂದರ್ಶನ

ಚಿಕ್ಕಂದಿನಿಂದ ನನಗೆ ಉಗ್ಗು. ಅದು ಗೊತ್ತಿದ್ದೂ ನಮ್ಮ ಮೇಷ್ಟ್ರು “ಸಂದರ್ಶನ ಮಾಡಮ್ಮ” ಎಂದಾಗ ಮೈಯೆಲ್ಲ ಉರಿಯಿತು. ನೂಲಿನ ಮಿಲ್ಲಿನಲ್ಲಿ ದುಡಿಯುವವರ ಕಿವಿ ಯಂತ್ರಗಳ ಸದ್ದಿಗೆ ಎಷ್ಟು ಮಂದವಾಗಿದೆ ಎಂಬುದು ನನ್ನ ಸಂಶೋಧನೆಯ ವಿಷಯ. ಪ್ರಶ್ನೆಪಟ್ಟಿ ಹಂಚಿದರೆ ಮುಗಿಯಿತಲ್ಲ, ಬಾಯಿ ಬಿಡುವ ಉಸಾಬರಿ ಯಾಕೆ? ಎರಡರಲ್ಲಿ ಯಾವುದು ಸರಿ ಎಂದು ಸೋಮವಾರ ಮೇಷ್ಟ್ರಿಗೆ ಹೇಳಬೇಕಿತ್ತು. ಸಂದರ್ಶನವೇ ಗತಿ ಎಂದಾದರೆ ಓದನ್ನೇ ಬಿಡುವುದೆಂದು ಗಟ್ಟಿಮಾಡಿಕೊಂಡಿದ್ದೆ.

ನನ್ನ ಸೋದರತ್ತೆ ಇಪ್ಪತ್ತೆರಡು ವರ್ಷದಿಂದ ಅದೇ ಮಿಲ್ಲಿನಲ್ಲಿದ್ದಾಳೆ. ಅವಳ ಕೈಯಲ್ಲಿ ಹದಿನೆಂಟು ಹಾಳೆ ಕೊಟ್ಟು ಕಳಿಸಿದೆ. ‘ಕೇಳಿಸಿಕೊಳ್ಳಲು ತೊಂದರೆ ಇದೆಯೇ?’ ಹದಿನೆಂಟು ಜನರೂ ‘ಇಲ್ಲ’ ಎಂದು ಗುರುತು ಹಾಕಿದ್ದರು. ಬೆನ್ನ ಹಿಂದೆ ಪಾತ್ರೆ ಬಿದ್ದರೂ ತಿರುಗಿ ನೋಡದ ನಮ್ಮತ್ತೆಯೂ ಸೇರಿ.

ಅವಳ ಎದುರಿಗೇ ಹೋಗಿ ನಿಂತೆ. “ಅ-ಅತ್ತೆ, ಏನಿದು ಸುಳ್ಳು?”

“ಸುಳ್ಳು ಯಾಕೆ ಬರೀಲಿ? ಮಿಲ್ಲಲ್ಲಿ ಯಾರು ಕಿವೀಲಿ ಕೇಳ್ತಾರೆ ಪೆದ್ದಿ? ತುಟಿ ನೋಡ್ತೀವಿ, ಗೊತ್ತಾಗತ್ತೆ. ಇನ್ನು ತೊಂದರೆ ಎಲ್ಲಿಂದ ಬಂತು?”

ಪ್ರಶ್ನೆಪಟ್ಟಿಯ ಕಥೆ ಅಲ್ಲಿಗೆ ಮುಗಿಯಿತು. ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಮನೆಯಲ್ಲಿ ಟಿ.ವಿ. ಎಷ್ಟು ಜೋರು, ಮಗು ಅತ್ತರೆ ಯಾರು ಬಂದು ಹೇಳುತ್ತಾರೆ ಎಂದು ಕೆದಕಿ ಕೇಳಬೇಕು. ಕೇಳಬೇಕಾದವಳು ನಾನು. ದುಃಖ ಉಮ್ಮಳಿಸಿ ಬಂತು.

ಅತ್ತೆ ಬಿಡುವವಳಲ್ಲ. ಶನಿವಾರ ಊಟದ ವಿರಾಮಕ್ಕೆ ನನ್ನನ್ನು ಮಿಲ್ಲಿನ ಕ್ಯಾಂಟೀನಿಗೆ ಎಳೆದೊಯ್ದು, ಮಿಲ್ಲಿನವರೆಲ್ಲ ದೊಡ್ಡಕ್ಕ ಎಂದು ಕರೆಯುವ, ನೂಲು ಸುತ್ತುವ ಹೆಂಗಸಿನ ಮುಂದೆ ಕೂರಿಸಿದಳು. ದೊಡ್ಡಕ್ಕನ ಸೆರಗಿನ ತುಂಬ ಹತ್ತಿಯ ಧೂಳು.

“ಮ-ಮ-ಮನೇಲಿ ಟಿ-ಟಿ...” ಎಂದವಳು ಅಲ್ಲೇ ಸಿಕ್ಕಿಕೊಂಡೆ. ಇಂಥ ಹೊತ್ತಿನಲ್ಲಿ ಎಲ್ಲರೂ ಮಾಡುವುದು ಎರಡೇ: ನನ್ನ ಮಾತನ್ನು ತಾವೇ ಮುಗಿಸುತ್ತಾರೆ, ಇಲ್ಲವೇ ಪಾಪ ಎಂದು ಮುಖ ಆಚೆ ತಿರುಗಿಸುತ್ತಾರೆ. ದೊಡ್ಡಕ್ಕ ಎರಡನ್ನೂ ಮಾಡಲಿಲ್ಲ. ನನ್ನ ತುಟಿಯ ಮೇಲೆ ಕಣ್ಣು ನೆಟ್ಟು, ಕೊನೆಯ ಅಕ್ಷರದವರೆಗೂ ಕಾದಳು. ಆಮೇಲೆ ಹೇಳತೊಡಗಿದಳು. ಪಕ್ಕದ ಕೋಣೆಯಲ್ಲಿ ಮೊಮ್ಮಗಳು ಮಂಚದಿಂದ ಬಿದ್ದು ಅರ್ಧ ಗಂಟೆ ಅತ್ತರೂ ತನಗೆ ತಿಳಿಯದೇ ಹೋದದ್ದನ್ನು ಹೇಳಿ ಕಣ್ಣೊರೆಸಿಕೊಂಡಳು. ಯಾವ ಹಾಳೆಯಲ್ಲೂ ಅವಳು ಇದನ್ನು ಬರೆಯುತ್ತಿರಲಿಲ್ಲ.

ಏಳುವ ಮುಂಚೆ ಧೈರ್ಯ ಮಾಡಿ ಕೇಳಿದೆ. “ನ-ನನ್ನ ಮಾತು ಕಷ್ಟ ಆಯ್ತಾ?”

“ಕಷ್ಟ ಯಾಕಮ್ಮ? ಒಂದೊಂದು ಮಾತನ್ನೂ ಎರಡೆರಡು ಸಲ ತೋರಿಸ್ತೀಯ. ನಮ್ಮ ಮೇಸ್ತ್ರಿ ಪಟಪಟ ಅಂತಾನೆ, ಅರ್ಧ ಕೈಬಿಟ್ಟುಹೋಗತ್ತೆ. ನಿಂದು ಒಂದೂ ತಪ್ಪಲಿಲ್ಲ.”

ಇಷ್ಟು ವರ್ಷದಲ್ಲಿ ನನ್ನ ಮಾತಿನ ಬಗ್ಗೆ ಯಾರೂ ಹಾಗೆ ಅಂದಿರಲಿಲ್ಲ. ಎದೆ ಹಗುರಾಗಿ, ನಗುವೂ ಅಳುವೂ ಒಟ್ಟಿಗೇ ಬಂದವು. ಫೋನ್ ಎಂದರೆ ಮಾರು ದೂರ ಓಡುವವಳು ನಾನು. ಅಲ್ಲೇ ಕ್ಯಾಂಟೀನಿನ ಬಾಗಿಲಲ್ಲಿ ನಿಂತು ಮೇಷ್ಟ್ರಿಗೆ ಫೋನ್ ಮಾಡಿದೆ.

“ಸಂ-ಸಂ-ಸಂದರ್ಶನವೇ, ಸರ್,” ಎಂದೆ, ನಿಧಾನವಾಗಿ.