ಟ್ರ್ಯಾಕ್ ದನಿ

‘ಈ ತಂತ್ರಾಂಶ ನಿಮ್ಮ ಹೊಸ ಸಿಸ್ಟಮ್ಮಿಗೆ ಹೊಂದುವುದಿಲ್ಲ’ ಎಂದು ಕಂಪ್ಯೂಟರು ನಾಲ್ಕನೆಯ ಸಲವೂ ತೋರಿಸಿದಾಗ, ರೆಕಾರ್ಡಿಸ್ಟು ಮೌಸನ್ನು ಗೋಡೆಗೆ ಬೀಸುವುದೊಂದು ಬಾಕಿಯಿತ್ತು.

ತಪ್ಪು ಅವನದೇ. ಹೊಸ ಆಪರೇಟಿಂಗ್ ಸಿಸ್ಟಮ್ ಬಂದಿದೆ, ಹಾಕಲೇ ಎಂದು ಕಂಪ್ಯೂಟರು ಮೂರು ತಿಂಗಳಿಂದ ದಿನಾ ಕೇಳುತ್ತಿತ್ತು. ಕೆಲಸ ಕೈಯಲ್ಲಿರುವಾಗ ಹೂಂ ಅನ್ನಬಾರದೆಂದು ಈ ಕಸುಬಿನವರಿಗೆಲ್ಲ ಗೊತ್ತು. ಬೆಳಿಗ್ಗೆ ಹಾಡು ತಿದ್ದಲು ಕೂತಾಗ ಆ ಪ್ರಶ್ನೆಯ ಚೌಕ ಪರದೆಯಲ್ಲಿ ಮತ್ತೆ ಅಡ್ಡ ಬಂದಿತ್ತು. "ಹಾಕ್ಕೊಂಡು ಸಾಯಿ" ಎಂದು ಒತ್ತಿಬಿಟ್ಟಿದ್ದ. ಮುಕ್ಕಾಲು ಗಂಟೆಯ ಮೇಲೆ ಯಂತ್ರ ಹೊಸ ಬಣ್ಣದಲ್ಲಿ ಎದ್ದಿತು. ಹಾಡು ಮುದ್ರಿಸುವ ತಂತ್ರಾಂಶ ಮಾತ್ರ ಏಳಲಿಲ್ಲ.

ಕಂಪನಿಗೆ ಫೋನು ಮಾಡಿದ. ಆ ಕಡೆಯವನದು ಬೆಣ್ಣೆಯಂಥ ಮಾತು.

"ಸಾರ್, ಹೊಸ ಸಿಸ್ಟಮ್ ಹಾಕಬೇಡಿ ಅಂತ ನಮ್ಮ ವೆಬ್‌ಸೈಟಲ್ಲಿ ಮೂರು ತಿಂಗಳಿಂದ ಕೆಂಪಕ್ಷರದಲ್ಲಿ ಬರೆದಿದೀವಿ."

"ನಿಮ್ಮ ವೆಬ್‌ಸೈಟನ್ನ ಬೆಳಿಗ್ಗೆ ಎದ್ದು ಪಾರಾಯಣ ಮಾಡ್ಬೇಕಾ ನಾನು? ಈಗೇನು ಮಾಡ್ಲಿ ಹೇಳಯ್ಯಾ."

ದಾರಿ ಎರಡಿದ್ದವು. ಎಲ್ಲ ಅಳಿಸಿ ಹಳೆಯದಕ್ಕೆ ಮರಳಬಹುದು, ನಾಳೆ ಸಂಜೆಯಾಗುತ್ತದೆ. ಇಲ್ಲವೇ ಇನ್ನೂ ಪರೀಕ್ಷೆಯಲ್ಲಿರುವ ಹೊಸ ಆವೃತ್ತಿಯನ್ನು ಇಳಿಸಿಕೊಳ್ಳಬಹುದು. ಹಾಡು ತೆರೆದುಕೊಳ್ಳುತ್ತದೆ, ಆದರೆ ಅದಕ್ಕೆ ಜೋಡಿಸಿದ ಹಳೆಯ ಪ್ಲಗಿನ್ನುಗಳು, ಅಂದರೆ ಹಾಡು ಕೇಳಿಸುವಾಗ ದನಿ ತಿದ್ದುವ ಪುಟ್ಟ ತಂತ್ರಾಂಶಗಳು, ಓಡುವುದಿಲ್ಲ.

ನಾಳೆಯವರೆಗೆ ಕಾಯುವಂತಿರಲಿಲ್ಲ. ಹಿಂದಿನ ಸೋಫಾದಲ್ಲಿ ಅವನ ಅಕ್ಕ ಕೂತಿದ್ದಳು, ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ. ಹನ್ನೆರಡು ವರ್ಷದಿಂದ ಅವಳು ಸಿನಿಮಾಗಳಿಗೆ ಟ್ರ್ಯಾಕ್ ಹಾಡುತ್ತಿದ್ದಳು. ಟ್ರ್ಯಾಕ್ ಅಂದರೆ ಮಾದರಿ. ಅದನ್ನು ಕೇಳಿಸಿಕೊಂಡು ಹೆಸರಾಂತ ಗಾಯಕಿ ಹಾಡುತ್ತಾಳೆ. ಆಮೇಲೆ ಟ್ರ್ಯಾಕ್ ದನಿಯನ್ನು ಅಳಿಸುತ್ತಾರೆ. ಹಾಗೆ ಅಳಿಸಿಹೋದ ಹಾಡುಗಳು ಮುನ್ನೂರರ ಮೇಲಿದ್ದವು. ಈ ಒಂದು ಹಾಡಿಗೆ ಮಾತ್ರ ಸಂಗೀತ ನಿರ್ದೇಶಕ, "ಇವರ ದನೀನೇ ಇಡಬಹುದೇನೋ, ಪೂರ್ತಿ ಕೇಳಿ ಹೇಳ್ತೀನಿ" ಅಂದಿದ್ದ. ಗಾಯಕಿ ಬರುವುದು ನಾಳೆ ಬೆಳಿಗ್ಗೆ. ನಿರ್ದೇಶಕ ಕೇಳಲು ಬರುವುದು ಇವತ್ತು ಮೂರಕ್ಕೆ.

"ಬಿಡೋ, ನನ್ನ ಹಣೇಲಿ ಅಳಿಸೋದೇ ಬರೆದಿದೆ" ಅಂದಳು ಅಕ್ಕ.

"ನೀನು ಸುಮ್ನಿರು."

ಹೊಸ ಆವೃತ್ತಿ ಇಳಿಯಿತು. ಹಾಡು ತೆರೆಯಿತು. ಅಕ್ಕನ ದನಿಯ ಗೆರೆಯ ಪಕ್ಕದಲ್ಲಿ, ಸ್ವರ ಸರಿಮಾಡುವ ಪ್ಲಗಿನ್ನು ಇರಬೇಕಾದ ಜಾಗ ಬೂದಿಬಣ್ಣಕ್ಕೆ ತಿರುಗಿತ್ತು. ರೆಕಾರ್ಡಿಸ್ಟು ಅದನ್ನು ಎರಡು ಸಲ ಒತ್ತಿ ನೋಡಿದ, ಓಡಲಿಲ್ಲ. ಅಕ್ಕನ ಮೊದಲ ಟ್ರ್ಯಾಕಿನ ದಿನ ಯಾವನೋ ಕೊಳಲಿನವನು "ಸ್ವರ ಸ್ವಲ್ಪ ಕೆಳಗಿದೆ" ಎಂದು ನಕ್ಕಿದ್ದ. ಅಂದಿನಿಂದ ಅವಳು ಮೈಕಿನ ಮುಂದೆ ನಿಲ್ಲುವ ಮೊದಲೇ ಇವನು ಆ ಪ್ಲಗಿನ್ನು ಹಾಕುತ್ತಿದ್ದ. ಮುದ್ರಿಸಿದ ಅವಳ ದನಿಯನ್ನು ಅದಿಲ್ಲದೆ ಯಾರಿಗೂ ಕೇಳಿಸಿರಲಿಲ್ಲ. ತಾನೂ ಕೇಳಿರಲಿಲ್ಲ.

ಅಷ್ಟರಲ್ಲಿ ನಿರ್ದೇಶಕ ಬಂದೇಬಿಟ್ಟ. ಬಾಯಿಗೆ ಬೀಗವಿಲ್ಲದ ಮನುಷ್ಯ. ಮೆಟ್ಟಿಲ ಮೇಲಿಂದಲೇ ಮಾತು ಕೇಳಿಸುತ್ತಿತ್ತು.

"ಸಾರ್, ಒಂದು ದಿನ ಕೊಡಿ. ಮಿಷಿನ್ ಕೈಕೊಟ್ಟಿದೆ, ಹಾಡು ಹಸಿ ಇದೆ."

"ಹಸಿನೋ ಬಿಸಿನೋ ಹಾಕಪ್ಪಾ. ಆಯಮ್ಮ ನಾಳೆ ಬಿಟ್ರೆ ಎರಡು ತಿಂಗಳು ಸಿಗಲ್ಲ. ಇವತ್ತೇ ಹೂಂ ಅಥವಾ ಊಹೂಂ."

ರೆಕಾರ್ಡಿಸ್ಟು ಅಕ್ಕನ ಮುಖ ನೋಡದೆ ಗುಂಡಿ ಒತ್ತಿದ.

ಕಳೆದುಹೋದ ಮಗುವನ್ನು ತಾಯಿ ಕರೆಯುವ ಹಾಡು. ಪ್ರತಿ ಸಾಲಿನ ಕೊನೆಗೂ ‘ಬಾ’ ಎಂಬ ಒಂದೇ ಮಾತು. ದನಿ ಮೇಲೇರುತ್ತ ಬಂದು, ಆ ‘ಬಾ’ದಲ್ಲಿ, ತಲುಪಬೇಕಾದ ಸ್ವರಕ್ಕೆ ಕೂದಲೆಳೆಯಷ್ಟು ಕೆಳಗೆ ನಿಂತುಬಿಟ್ಟಿತು. ಕೆಟ್ಟೆವು ಎಂದುಕೊಂಡ ಅವನು. ದನಿ ಅಲ್ಲೇ ನಿಂತಿತ್ತು, ಮುಚ್ಚಿದ ಬಾಗಿಲ ಮುಂದೆ ಕೈ ಎತ್ತಿ, ತಟ್ಟಲೋ ಬೇಡವೋ ಅನ್ನುವ ಹಾಗೆ. ಆಮೇಲೆ ಹೋಗಿ ಸ್ವರವನ್ನು ಮುಟ್ಟಿತು.

ಎರಡನೆಯ ಸಾಲಿನಲ್ಲಿ ಇನ್ನೂ ತುಸು ಹೊತ್ತು ನಿಂತಿತು. ಮೂರನೆಯದರಲ್ಲಿ ಸ್ವರವನ್ನು ದಾಟಿ ಹೋಗಿ, ನಾಚಿಕೊಂಡಂತೆ ಹಿಂದಕ್ಕೆ ಬಂತು. ರೆಕಾರ್ಡಿಸ್ಟು ಮುಂದಕ್ಕೆ ಬಾಗಿದ. ಇದು ತಪ್ಪಲ್ಲ. ತಪ್ಪುವವರು ಇಷ್ಟು ಲೆಕ್ಕವಾಗಿ ತಪ್ಪುವುದಿಲ್ಲ. ಅವಳು ಸ್ವರವನ್ನು ಕಾಯಿಸುತ್ತಿದ್ದಳು. ಹುಟ್ಟಿದಂದಿನಿಂದ ಕೇಳಿದ ದನಿ, ತನಗಿಂತ ಚೆನ್ನಾಗಿ ಬಲ್ಲವರಿಲ್ಲ ಎಂದುಕೊಂಡ ದನಿ. ಅದರೊಳಗೆ ಇಷ್ಟು ದೊಡ್ಡ ಜಾಗವಿದೆ ಎಂದು ಅವನಿಗೆ ತಿಳಿದಿರಲಿಲ್ಲ. ಆ ಪುಟ್ಟ ಕೋಣೆಯ ಗೋಡೆಗಳು ದೂರ ಸರಿದಂತಾಯಿತು.

ಹಾಡು ಮುಗಿಯಿತು. ನಿರ್ದೇಶಕ ಮಾತಾಡಲಿಲ್ಲ. ಅವನು ಸುಮ್ಮನಿರುವುದನ್ನು ಆ ಕೋಣೆ ಅದೇ ಮೊದಲು ನೋಡಿತು.

"ಅಯ್ಯೋ, ‘ಬಾ’ ಅನ್ನೋ ಕಡೆ ಎಲ್ಲಾ ಜಾರಿದೆ" ಎಂದು ಅಕ್ಕ ಎದ್ದಳು. "ಇನ್ನೊಂದ್ಸಲ ಹಾಡಿಬಿಡ್ತೀನಿ ಸಾರ್, ಹತ್ತು ನಿಮಿಷ ಸಾಕು."

"ಕೂತ್ಕೊಳ್ಳಮ್ಮಾ" ಅಂದ ನಿರ್ದೇಶಕ. ಆಮೇಲೆ ರೆಕಾರ್ಡಿಸ್ಟಿನತ್ತ ತಿರುಗಿ, "ಇದನ್ನ ಮುಟ್ಟಿದ್ರೆ ಕೈ ಮುರೀತೀನಿ. ಇಷ್ಟು ದಿನ ಎಲ್ಲಿಟ್ಟಿದ್ರಿ ಇದನ್ನ?"

ರೆಕಾರ್ಡಿಸ್ಟು ಅಕ್ಕನನ್ನು ಕೇಳಿದ: "ನೀನು ಹೀಗೆ ಹಾಡ್ತೀಯ ಅಂತ ನಿಂಗೆ ಗೊತ್ತಿತ್ತಾ?"

"ಯಾವತ್ತೂ ಹಿಂಗೇ ಅಲ್ವೇನೋ ಹಾಡೋದು? ಆಮೇಲೆ ಕೇಳಿದ್ರೆ ಎಲ್ಲಾ ನೆಟ್ಟಗೆ ಇರ್ತಿತ್ತು. ಮೈಕಲ್ಲಿ ಹಂಗೇ ಬರೋದೇನೋ ಅಂದ್ಕೊಂಡಿದ್ದೆ."

ಹನ್ನೆರಡು ವರ್ಷದಲ್ಲಿ ಒಂದು ದಿನವೂ ಅವಳು ಕೇಳಿರಲಿಲ್ಲ, ಅವನು ಹೇಳಿರಲಿಲ್ಲ.

ನಿರ್ದೇಶಕ ಬಾಗಿಲ ಬಳಿ ನಿಂತು ಗಾಯಕಿಯ ಕಡೆಯವರಿಗೆ ಫೋನು ಮಾಡಿದ. "ನಾಳೆ ರೆಕಾರ್ಡಿಂಗ್ ಇಲ್ಲ ಅಂತ ಅಮ್ಮನವರಿಗೆ ಹೇಳಪ್ಪಾ. ಹೂಂ. ಹಾಡಾಗಿದೆ." ವಾಪಸು ಬಂದು ನೆಲದ ಮೇಲೇ ಕೂತ. "ಇನ್ನೊಂದ್ಸಲ ಹಾಕು."

ಹಾಡು ಮತ್ತೆ ಶುರುವಾಯಿತು. ಈ ಸಲ ರೆಕಾರ್ಡಿಸ್ಟು ಪರದೆಗೆ ಬೆನ್ನು ಮಾಡಿ ಕೂತಿದ್ದ. ಎರಡನೆಯ ಚರಣಕ್ಕೆ ಮೊದಲು, ವಾದ್ಯಗಳೆಲ್ಲ ನಿಂತ ಕಡೆ, ಅವಳು ಉಸಿರೆಳೆದುಕೊಳ್ಳುವ ಸದ್ದು ಬಂತು. ಸೋಫಾದ ಮೇಲೆ, ಕಣ್ಣು ಮುಚ್ಚಿ, ತುಟಿ ಬಿಗಿದು ಕೂತಿದ್ದ ಅಕ್ಕ ಅದರ ಜೊತೆಗೇ ಉಸಿರೆಳೆದುಕೊಂಡಳು.