ಗೆರ್ಲೋಫನ ಕ್ರೇನಿಗೆ ನಾಲ್ಕು ಕಾಲು

ನಾಲ್ಕು ತಿಂಗಳಿಂದ ನಮ್ಮ ಮನೆಯಲ್ಲಿ ಊಟವೆಲ್ಲ ತೊಡೆಯ ಮೇಲೆ. ಊಟದ ಮೇಜನ್ನು ನನ್ನ ಗಂಡ ಗೆರ್ಲೋಫನ ಕ್ರೇನ್ ಹಿಡಿದುಕೊಂಡಿದೆ. ಮಕ್ಕಳಾಡುವ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಒಂದಕ್ಕೊಂದು ಒತ್ತಿ ಕಟ್ಟಿದ ಹಳದಿ ಕ್ರೇನ್. ಅದರ ತೋಳು ಎತ್ತಿ ನಿಲ್ಲಿಸಿದರೆ ದೀಪದ ಬುರುಡೆಗೆ ತಾಗುತ್ತದೆ. ಮಂಡಿಯ ಮೇಲೆ ತಟ್ಟೆಯಿಟ್ಟುಕೊಂಡು ಆಲೂಗಡ್ಡೆ ಕಿವುಚಿ ತಿನ್ನುವಾಗ ಬಟ್ಟೆಗೆ ಚೆಲ್ಲಿಕೊಳ್ಳುವವನು ಅವನು, ಬೈಯುವವಳು ನಾನು, ಕೊನೆಗೆ ಒಗೆಯುವವಳೂ ನಾನೇ.

ಆದರೂ ಅದನ್ನು ಅಲ್ಲಿಂದ ತೆಗೆ ಎಂದು ಒಂದು ದಿನವೂ ಹೇಳಲಿಲ್ಲ. ಮೂರು ವರ್ಷ ಕಿಟಕಿಯ ಮುಂದೆ ಕೂತು ಕಾಲುವೆಯ ಬಾತುಕೋಳಿಗಳನ್ನು ಎಣಿಸುತ್ತಿದ್ದ ಮನುಷ್ಯ ಕೊನೆಗೂ ಕೈಗೊಂದು ಕೆಲಸ ಹಚ್ಚಿಕೊಂಡಿದ್ದ. ಅದಕ್ಕಾಗಿ ನನ್ನ ಮೇಜು ಹೋದರೆ ಹೋಗಲಿ.

ಗೆರ್ಲೋಫ್ ಮೂವತ್ತೊಂದು ವರ್ಷ ನಿಜವಾದ ಕ್ರೇನ್ ನಡೆಸಿದವನು. ನಮ್ಮ ಕಡೆಯದು ಜೌಗು ನೆಲ. ಐದಾರು ವರ್ಷಕ್ಕೊಮ್ಮೆ ಅಂಗಳಕ್ಕೆ ಮರಳು ಸುರಿಯದಿದ್ದರೆ ಅಂಗಳ ಕುಸಿದು ಹೊಸ್ತಿಲು ಗಾಳಿಯಲ್ಲಿ ನಿಂತಿರುತ್ತದೆ. ಇಂಥ ನೆಲದ ಮೇಲೆ ಕ್ರೇನ್ ಭಾರ ಎತ್ತಬೇಕಾದರೆ ಮೊದಲು ಎರಡೂ ಪಕ್ಕಕ್ಕೆ ಉಕ್ಕಿನ ಕಾಲು ಚಾಚಿ ಊರಬೇಕು. ಆ ಚಾಚುಗಾಲುಗಳ ಅಡಿಗೆ ದಪ್ಪ ಮರದ ಹಲಗೆ ಹಾಸಬೇಕು. ಹಲಗೆ ಅಗಲವಾದಷ್ಟೂ ನೆಮ್ಮದಿ ಎಂಬುದನ್ನು ನಮ್ಮೂರಿನ ಕ್ರೇನಿನವರು ತಾಯಿಯ ಹಾಲಿನ ಜೊತೆಗೇ ಕುಡಿದಿರುತ್ತಾರೆ.

ಮೂರು ವರ್ಷದ ಹಿಂದೆ ಪಕ್ಕದೂರಿನ ಚರ್ಚಿನ ಗಂಟೆಯನ್ನು ರಿಪೇರಿ ಮುಗಿಸಿ ಗೋಪುರಕ್ಕೆ ಏರಿಸುವ ಕೆಲಸ ಇವನಿಗೆ ಬಂತು. ಊರಿಗೆ ಊರೇ ಕಾಫಿ ಹಿಡಿದುಕೊಂಡು ನಿಂತಿತ್ತು. ನಕ್ಷೆಯಲ್ಲಿ ಇಟ್ಟಿಗೆ ಹಾಸಿದ ಗಟ್ಟಿ ನೆಲವೆಂದು ಬರೆದಿತ್ತು. ಕ್ರೇನಿನ ಎಡಗಾಲು ಊರುವಾಗ ಇವನಿಗೆ ಏನೋ ಅನುಮಾನ ಬಂದಿತ್ತಂತೆ. ಇಷ್ಟು ಜನ ಕಾಯುತ್ತಿದ್ದಾರಲ್ಲ ಎಂಬ ಸಂಕೋಚಕ್ಕೆ ಎತ್ತಿಬಿಟ್ಟ. ಆ ಇಟ್ಟಿಗೆ ಹಾಸಿನ ಕೆಳಗೆ ಎಂದೋ ಮಣ್ಣು ತುಂಬಿ ಮುಚ್ಚಿದ ಹಳೆಯ ಕಾಲುವೆಯಿತ್ತು. ಕ್ರೇನ್ ವಾಲಿತು, ಗಂಟೆ ಹೋಗಿ ಪಾದ್ರಿಯ ಹೂದೋಟದಲ್ಲಿ ಬಿತ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ತನಿಖೆ ಮಾಡಿದವರೂ ಇವನ ತಪ್ಪಿಲ್ಲವೆಂದು ಬರೆದುಕೊಟ್ಟರು. ಇವನು ಮಾತ್ರ ಅಂದಿನಿಂದ ಕ್ರೇನ್ ಹತ್ತಲಿಲ್ಲ.

ಈಗ ಕ್ರೇನ್ ಕಲಿಸುವ ಶಾಲೆಯಿಂದ ಪತ್ರ ಬಂದಿತ್ತು. ಹೊಸಬರಿಗೆ ಪಾಠ ಹೇಳಲು ಬನ್ನಿ, ಸೋಮವಾರದೊಳಗೆ ಉತ್ತರ ತಿಳಿಸಿ ಎಂದು. ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಟ್ಟೆ. ಅದರ ಕಡೆ ಕಣ್ಣು ಹಾಯಿಸದೆ ಹಾಲು ತೆಗೆಯುವ ವಿದ್ಯೆಯನ್ನು ಅವನು ಎರಡೇ ದಿನದಲ್ಲಿ ಕಲಿತ. ನಾನು ಕೆದಕಿ ಕೆದಕಿ ಕೇಳಿದ ಮೇಲೆ ಒಂದೇ ಒಂದು ಸಲ ಬಾಯಿ ಬಿಟ್ಟ.

"ಕ್ರೇನ್ ಬೀಳಿಸಿದವನು ಏನಂತ ಪಾಠ ಹೇಳ್ಲಿ, ರಿನ್ಸ್ಕೆ?"

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಅವನು ಆ ಶಾಲೆಗೆ ಹೋಗಬೇಕು, ಸಂಜೆ ಗ್ರೀಸು ವಾಸನೆ ಹೊತ್ತು ಮನೆಗೆ ಬಂದು ಕಲಿಯಲು ಬಂದ ಹುಡುಗರನ್ನು ಬೈಯಬೇಕು ಎಂಬುದಷ್ಟೇ ನನ್ನ ಆಸೆ. ಅದಕ್ಕಿಂತ ಹೆಚ್ಚಿನದು ನನಗೇನೂ ಬೇಕಿರಲಿಲ್ಲ.

ಶನಿವಾರ ನಮ್ಮೂರಲ್ಲಿ ಇಂಥ ಆಟಿಕೆ ಇಟ್ಟಿಗೆ ಕಟ್ಟುವವರ ಸಂಘದ ಪ್ರದರ್ಶನ. ಅಲ್ಲಿ ಹೊಸ ಕ್ರೇನಿಗೆ ಒಂದು ಪರೀಕ್ಷೆಯಿದೆ. ಕೆಂಪು ಮೇಣ ಸವರಿದ ಚೀಸಿನ ಉಂಡೆ, ತೂಕ ಸುಮಾರು ಒಂದು ಕಿಲೋ, ಅದನ್ನು ಎತ್ತಿ, ನೆರೆದವರೆಲ್ಲ ಒಂದು ಕಪ್ ಕಾಫಿ ಮತ್ತು ಒಂದು ಬಿಸ್ಕತ್ತು ಮುಗಿಸುವವರೆಗೆ ಅಲುಗದೆ ಹಿಡಿದಿರಬೇಕು. ಬಿಸ್ಕತ್ತು ಒಂದೇ. ಎರಡನೆಯದಕ್ಕೆ ಕೈಹಾಕುವಷ್ಟು ನಾಚಿಕೆಗೆಟ್ಟವರು ನಮ್ಮಲ್ಲಿ ಕಡಿಮೆ.

ತೋಳು, ಹಗ್ಗ, ಮೋಟಾರು ಎಲ್ಲ ಬೇಗ ಆದವು. ಚಾಚುಗಾಲುಗಳೇ ಅವನ ಜೀವ ತಿಂದವು. ಮೊದಲ ಜೋಡಿ ನಡುವಿಗೇ ಮುರಿಯಿತು. ಮೇಲಿನ ಸಾಲಿನ ಸಂದು, ಕೆಳಗಿನ ಸಾಲಿನ ಸಂದು ಒಂದೇ ನೇರಕ್ಕೆ ಬಂದಿದ್ದವು. ಗೋಡೆ ಕಟ್ಟುವವರ ಹಾಗೆ ಸಂದು ತಪ್ಪಿಸಿ ಮತ್ತೆ ಕಟ್ಟಿದ. ಈಗ ಕಾಲು ಮುರಿಯಲಿಲ್ಲ, ಆದರೆ ಭಾರವೆಲ್ಲ ಚಕ್ರಗಳ ಮೇಲೆ ಉಳಿದು ಕ್ರೇನ್ ಕುಡಿದವರಂತೆ ಓಲಾಡಿತು. ಕಾಲುಗಳನ್ನು ಒಂದು ಎಳೆಯಷ್ಟು ಉದ್ದ ಮಾಡಿ ಚಕ್ರಗಳನ್ನು ಮೇಜಿನಿಂದ ಮೇಲಕ್ಕೆತ್ತಿದ. ಅಂಗಡಿಯ ಜಾಹೀರಾತಿನ ಚೀಟಿಯೊಂದನ್ನು ಹನ್ನೆರಡೂ ಚಕ್ರಗಳ ಕೆಳಗೆ ತೂರಿಸಿ ನೋಡಿದ. ಎಲ್ಲ ಕಡೆ ಸರಾಗವಾಗಿ ಹಾಯಿತು. ಆದರೂ ಚೀಸ್ ಎತ್ತಿದ ಕೂಡಲೇ ಎಡಗಾಲಿನ ಪಾದ ಟಪ್ಪೆಂದು ಕಳಚಿಬಂತು.

ಪಾದವನ್ನು ಅಂಗೈಯಗಲ ಮಾಡಿದ. ಕಳಚಿತು. ತಟ್ಟೆಯಗಲ ಮಾಡಿದ. ಇನ್ನೂ ಬೇಗ ಕಳಚಿತು. ಮತ್ತೂ ಅಗಲ ಮಾಡಲು ಹೊರಟಾಗ ನನಗೆ ತಡೆಯಲಾಗಲಿಲ್ಲ.

"ಇದು ನಮ್ಮಮ್ಮನ ಓಕ್ ಮೇಜು, ಮಾರಾಯ. ಇದರಲ್ಲಿ ಜೌಗು ಎಲ್ಲಿ ಕಂಡ್ತು ನಿಂಗೆ?"

ಅವನು ಮೇಜಿನ ಮೇಲೆ ನಿಧಾನವಾಗಿ ಅಂಗೈ ಆಡಿಸಿದ. ಆಮೇಲೆ ಕೆನ್ನೆಯನ್ನು ಮೇಜಿಗೆ ಆನಿಸಿ, ಟಾರ್ಚು ಬಿಟ್ಟು, ರಿಮೋಟನ್ನು ನನ್ನ ಕೈಗೆ ಕೊಟ್ಟು ಚೀಸ್ ಎತ್ತಿಸಿ ನೋಡಿದ. ಭಾರ ಬಿದ್ದಾಗ ಕಾಲು ಕೂದಲೆಳೆಯಷ್ಟು ಬಾಗುತ್ತಿತ್ತು. ಬಿಗಿಯಾಗಿ ಕೂರಿಸಿದ ಅಗಲ ಪಾದ ಅದರ ಜೊತೆ ವಾಲಿ, ಒಂದೇ ಅಂಚಿನ ಮೇಲೆ ನಿಂತು, ತನ್ನನ್ನು ತಾನೇ ಮೀಟಿ ಕಿತ್ತುಕೊಳ್ಳುತ್ತಿತ್ತು. ಗಟ್ಟಿ ಮೇಜಿಗೆ ಬೇಕಿದ್ದದ್ದು ಪುಟ್ಟ ಪಾದ, ಅತ್ತಿತ್ತ ತಿರುಗಲು ಒಂದು ಗುಂಡು ಕೀಲು, ಜಾರದಿರಲು ಅಡಿಗೊಂದು ರಬ್ಬರಿನ ಚೂರು. ಮರುದಿನ ಮಧ್ಯಾಹ್ನ ಚೀಸ್ ಮೇಲೇರಿ ಅರ್ಧ ಗಂಟೆ ಅಲ್ಲೇ ನಿಂತಿತು.

ನೆಲ ನೋಡದೆ ಕೈ ತಾನಾಗಿ ಹಲಗೆ ಹಾಕಿಬಿಟ್ಟಿತಲ್ಲ ಎಂದು ಅವನು ನಕ್ಕ. ಮೂರು ವರ್ಷದ ಮೇಲೆ ಕೇಳಿದ ನಗು. ಅದೇ ಧೈರ್ಯದ ಮೇಲೆ ಪತ್ರದ ವಿಷಯ ಎತ್ತಿದೆ. ಆಟಿಕೆ ಬೇರೆ, ನಿಜದ್ದು ಬೇರೆ ಎಂದು ಹೇಳಿ ಮತ್ತೆ ಬಾತುಕೋಳಿಗಳ ಕಡೆ ತಿರುಗಿದ.

ಶನಿವಾರ ಊರಿನ ಕ್ರೀಡಾಭವನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಂಘದ ಅಧ್ಯಕ್ಷ ಲುಬರ್ಟ್, ರೈಲ್ವೆಯಲ್ಲಿ ವೇಳಾಪಟ್ಟಿ ಬರೆದು ನಿವೃತ್ತನಾದವನು, ಪ್ರದರ್ಶನವನ್ನೂ ರೈಲು ಬಿಡುವ ಹಾಗೆಯೇ ನಡೆಸುತ್ತಾನೆ. ಎರಡು ಗಂಟೆಗೆ ನಮ್ಮ ಸರದಿ. ನೀಲಿ ಬಟ್ಟೆ ಹೊದಿಸಿದ ಉದ್ದನೆಯ ಮೇಜಿನ ಮೇಲೆ ಗೆರ್ಲೋಫ್ ಕ್ರೇನ್ ಇಟ್ಟ, ನಾಲ್ಕೂ ಕಾಲು ಚಾಚಿದ, ಕೊಕ್ಕೆಗೆ ಚೀಸ್ ಸಿಕ್ಕಿಸಿದ. ಜೇಬಿನಿಂದ ಚೀಟಿ ತೆಗೆದು ಚಕ್ರಗಳ ಕೆಳಗೆ ಆಡಿಸುತ್ತ ಬಂದ. ಹನ್ನೊಂದು ಚಕ್ರಗಳ ಕೆಳಗೆ ಚೀಟಿ ಹಾಯಿತು. ಎಡಬದಿಯ ಕೊನೆಯ ಚಕ್ರದಲ್ಲಿ ಸಿಕ್ಕಿಕೊಂಡಿತು.

ಅವನ ಕೈ ಅಲ್ಲೇ ನಿಂತಿತು. ಸುತ್ತ ಜನ ಕಪ್ಪು ಹಿಡಿದು ಕಾಯುತ್ತಿದ್ದರು. ಲುಬರ್ಟ್ ಗಡಿಯಾರ ತೋರಿಸಿ ಕಾಫಿ ಆರುತ್ತಿದೆ ಎಂದು ನೆನಪಿಸಿದ. ಹಿಂದಿನಿಂದ ಯಾರೋ, "ಈ ಸಲ ಯಾರ ತೋಟಕ್ಕೆ ಬೀಳ್ಸ್ತೀಯೋ?" ಅಂದರು. ಒಂದಿಷ್ಟು ಜನ ನಕ್ಕರು. ಗೆರ್ಲೋಫನ ಕತ್ತು ಕೆಂಪಾಯಿತು. ಸುಳ್ಳು ಯಾಕೆ ಹೇಳಲಿ, ಎತ್ತಿ ಮುಗಿಸಿಬಿಡು, ಮನೆಗೆ ಹೋಗೋಣ ಎಂದು ನಾನೂ ಮನಸ್ಸಿನಲ್ಲೇ ಅಂದುಕೊಂಡೆ.

ಅವನು ರಿಮೋಟನ್ನು ಮೇಜಿನ ಮೇಲಿಟ್ಟ.

"ನಾನು ಎತ್ತಲ್ಲ."

"ಎತ್ತಲ್ಲ ಅಂದ್ರೆ?" ಲುಬರ್ಟ್ ಕೇಳಿದ. "ಎರಡು ಗಂಟೆ ಆಯ್ತು, ಗೆರ್ಲೋಫ್."

"ಆಗ್ಲಿ. ಕೆಳಗೆ ಏನಿದೆ ಅಂತ ನೋಡದೆ ನಾನು ಎತ್ತಲ್ಲ. ಕಾಫಿ ಆರಿದ್ರೆ ಬಿಸಿ ಮಾಡ್ಕೊಳ್ಳಿ."

ನೋಯುವ ಮಂಡಿಗಳನ್ನು ಊರಿ, ಬಟ್ಟೆ ಸರಿಸಿ, ತಲೆಯನ್ನು ಮೇಜಿನ ಕೆಳಗೆ ತೂರಿಸಿದ. ಸ್ವಲ್ಪ ಹೊತ್ತು ಅವನ ಬೆನ್ನಷ್ಟೇ ಕಾಣುತ್ತಿತ್ತು. ಆಮೇಲೆ ಒಳಗಿನಿಂದ ದನಿ ಬಂತು.

"ರಿನ್ಸ್ಕೆ, ಇಲ್ಲೂ ಒಂದು ಮುಚ್ಚಿದ ಕಾಲುವೆ ಇದೆ."

ಬಗ್ಗಿ ನೋಡಿದೆ. ಅದು ಒಂದೇ ಮೇಜಾಗಿರಲಿಲ್ಲ, ಎರಡು. ನಡುವಿನ ಸಂದಿಗೆ ಯಾರೋ ರಟ್ಟು ಹಾಸಿ ಮೇಲೆ ಬಟ್ಟೆ ಹೊದಿಸಿದ್ದರು. ಸರಿಯಾಗಿ ಆ ರಟ್ಟಿನ ಮೇಲೆಯೇ ಕ್ರೇನಿನ ಎಡಗಾಲು ನಿಂತು ಕುಸಿದಿತ್ತು.

ನಕ್ಕವರೇ ಬಂದು ಮೇಜಿಗೆ ಕೈಕೊಟ್ಟರು. ಕ್ರೇನನ್ನು ಗಟ್ಟಿ ಹಲಗೆಗೆ ಸರಿಸಿ, ಹನ್ನೆರಡೂ ಚಕ್ರಗಳ ಕೆಳಗೆ ಚೀಟಿ ಆಡಿಸಿ, ಎತ್ತುವಷ್ಟರಲ್ಲಿ ಹನ್ನೊಂದು ನಿಮಿಷ ತಡವಾಗಿತ್ತು. ಚೀಸ್ ಮೇಲೇರಿ ನಿಂತಿತು. ಜನ ಕಾಫಿ ಕುಡಿದರು, ಬಿಸ್ಕತ್ತು ತಿಂದರು, ಅದು ಹಂದಲಿಲ್ಲ. ಲುಬರ್ಟ್ ಅದನ್ನೇ ನೋಡುತ್ತ ಮೈಮರೆತು ಎರಡನೆಯ ಬಿಸ್ಕತ್ತು ತಿಂದ. ಅದನ್ನು ಕಂಡವಳು ನಾನೊಬ್ಬಳೇ ಅಲ್ಲ.

ಕಾರಿನಲ್ಲಿ ಬರುವಾಗ ಗೆರ್ಲೋಫ್ ಸೇತುವೆ ದಾಟಿದ ಮೇಲೆ ಹೇಳಿದ, "ಎತ್ತಲ್ಲ ಅನ್ನೋದು ಇಷ್ಟು ಸುಲಭ ಅಂತ ಅವತ್ತು ನಂಗೆ ಗೊತ್ತಿರ್ಲಿಲ್ಲ."

"ಸುಲಭ ಅಲ್ಲ ಅದು," ಎಂದೆ. "ನಿನ್ನ ಕತ್ತು ನೋಡ್ದೆ ನಾನು."

ಮನೆಗೆ ಬಂದವನು ಕೋಟು ಬಿಚ್ಚದೆ ಫ್ರಿಜ್ಜಿನಿಂದ ಪತ್ರ ಕಿತ್ತುಕೊಂಡು ಮೇಜಿನ ಮುಂದೆ ಕೂತ. ನಾನು ಹಾಲು ತೆಗೆಯುವ ನೆಪದಲ್ಲಿ ಅವನ ಭುಜದ ಮೇಲಿಂದ ಇಣುಕಿದೆ. ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದ: ಬರುತ್ತೇನೆ. ಮೊದಲ ಪಾಠಕ್ಕೆ ಕ್ರೇನ್ ಬೇಡ. ಮಂಡಿ ಕೊಳೆಯಾದರೂ ಪರವಾಗಿಲ್ಲ ಎನ್ನುವಂಥ ಹಳೆಯ ಪ್ಯಾಂಟು ಹಾಕಿಕೊಂಡು ಬರಲು ಎಲ್ಲರಿಗೂ ಹೇಳಿ.