ಹಲಸೂರಿನ ಮನೆ

"ಅಲಸೂರು ಇಲ್ಲು ಏಮಾಯೆ?" ಎಂದು ಆದಿಲಕ್ಷ್ಮಮ್ಮ ಒಲೆಯ ಮುಂದಿನಿಂದಲೇ ಕೂಗಿದಾಗ ಚನ್ನಕೇಶವ ಇನ್ನೂ ಒಂದು ಕಾಲಿನ ಚಪ್ಪಲಿ ಮಾತ್ರ ಬಿಟ್ಟಿದ್ದ. ಹಲಸೂರಿನ ಮನೆ ಏನಾಯಿತು ಅಂತ ಅವಳು ಕೇಳಿಯೇ ಕೇಳುತ್ತಾಳೆಂದು ಅವನಿಗೆ ಗೊತ್ತಿತ್ತು. ಬೆಂಗಳೂರಿನಿಂದ ಚಿಂತಾಮಣಿಯವರೆಗೆ ಬಸ್ಸಿನಲ್ಲಿ ಕೂತು ಹತ್ತು ಉತ್ತರ ಕಟ್ಟಿಕೊಂಡು ಬಂದಿದ್ದ. ಬಾಯಿಗೆ ಬಂದದ್ದು ಹನ್ನೊಂದನೆಯದು.

"ಕೈ ತಪ್ಪೋಯ್ತು ಕಣೇ. ಬೇರೆಯವರಿಗೆ ಕೊಟ್ಟುಬಿಟ್ಟಿದಾರೆ."

ಇನ್ನೊಂದು ಚಪ್ಪಲಿ ಬಿಟ್ಟು ಹಿತ್ತಲಿಗೆ ಹೋದ. ನೀರು ಸುರಿದುಕೊಂಡದ್ದೇ ಸುರಿದುಕೊಂಡದ್ದು, ಕಾಲು ತೊಳೆದು ಮುಗಿಯಲೊಲ್ಲದು. ಆದಿಲಕ್ಷ್ಮಮ್ಮ ಸೌಟು ಹಿಡಿದುಕೊಂಡೇ ಹಿಂದೆ ಬಂದಳು.

"ಆ ಗಂಗುಲಪ್ಪ ಹಂಗೆ ಮಾಡಿದನಾ? ನಮ್ಮ ಪಿನ್ನಮ್ಮಂಗೆ ಮಾತು ಕೊಟ್ಟಿದ್ದನಲ್ಲ! ಮನೆ ಯಜಮಾನ ಅಂತೆ ಯಜಮಾನ. ಎಲುಬಿಲ್ಲದ ನಾಲಿಗೆ! ಅವನ ಬಾವೀಲಿ ನೀಳ್ಳು ಬತ್ತೋಗ!"

"ಹೋಗಲಿ ಬಿಡು. ಜಯನಗರದಲ್ಲಿ ಒಂದು ನೋಡಿದೀನಿ. ಹೊಸ ಬಡಾವಣೆ. ನಲ್ಲಿ ಇದೆ, ಕರೆಂಟಿದೆ. ಮುಂಗಡಾನೂ ಕೊಟ್ಟುಬಂದೆ."

"ಪಕ್ಕದ ಮನೇಲಿ ಯಾರಿದಾರೆ?"

ಪಕ್ಕದಲ್ಲಿ ಮನೆಯೇ ಇರಲಿಲ್ಲ. ಅತ್ತ ಎರಡು, ಇತ್ತ ಮೂರು ಖಾಲಿ ಸೈಟುಗಳು, ಅವುಗಳ ತುಂಬ ಮೊಳಕಾಲೆತ್ತರದ ಹುಲ್ಲು. "ಎಲ್ಲ ಒಳ್ಳೇ ಜನ. ಆಫೀಸಿನವರೇ" ಎಂದು ಇನ್ನೊಂದು ಚೊಂಬು ನೀರು ಸುರಿದುಕೊಂಡ.

ಹೊಸ ರಾಜ್ಯವಾಗಿ ವರ್ಷ ತುಂಬಿತ್ತು. ಬೆಂಗಳೂರಿನ ದೊಡ್ಡ ಕಚೇರಿಗಳಿಗೆ ತಾಲ್ಲೂಕುಗಳಿಂದ ಗುಮಾಸ್ತರನ್ನು ಕರೆಸಿಕೊಳ್ಳುತ್ತಿದ್ದರು. ಚನ್ನಕೇಶವನಿಗೂ ಆರ್ಡರು ಬಂದಾಗ ಆದಿಲಕ್ಷ್ಮಮ್ಮ ಅಳಲಿಲ್ಲ, ರೇಗಲಿಲ್ಲ, ಒಂದೇ ಮಾತು ಹೇಳಿದಳು. "ಗಾಳಿ ಬೇಡ, ಬೆಳಕು ಬೇಡ, ನಲ್ಲೀನೂ ಬೇಡ. ಮಾತಾಡಕ್ಕೆ ನಾಕು ಜನ ಇರೋ ಕಡೆ ಮನೆ ಮಾಡಿ, ಸಾಕು." ಹಲಸೂರಿನಲ್ಲಿ ಅವಳ ಪಿನ್ನಮ್ಮ, ಅಂದರೆ ಚಿಕ್ಕಮ್ಮ, ಚಿಕ್ಕವೆಂಕಟಮ್ಮ ಇದ್ದಳು. ಅದೇ ವಠಾರದಲ್ಲಿ ಒಂದು ಮನೆ ಖಾಲಿಯಾಗಿತ್ತು. ಐದು ಮನೆ, ನಡುವೆ ಒಂದು ಬಾವಿ, ಉಳಿದ ನಾಲ್ಕರಲ್ಲೂ ತೆಲುಗಿನವರೇ. ಇನ್ನೇನು ಬೇಕು?

ಅವಳು ಚೇಳೂರಿನಾಚೆಯ ಗಡಿಹಳ್ಳಿಯ ಹುಡುಗಿ. ಅಲ್ಲಿ ಕನ್ನಡ ಅಂದರೆ ಶ್ಯಾನುಭೋಗರ ದಫ್ತರಿನೊಳಗೆ ಇರುವಂಥದ್ದು. ಮದುವೆಯಾಗಿ ಬಂದಮೇಲೆ ಕಲಿತಳು, ಕಲಿತದ್ದನ್ನು ತೆಲುಗಿನ ಜೊತೆ ಕಲಸಿ ಆಡಿದಳು. ಚಿಂತಾಮಣಿಯಲ್ಲಿ ಅದನ್ನು ಯಾರು ಕೇಳುತ್ತಾರೆ? ಅರ್ಧ ಊರು ಮಾತಾಡುವುದೇ ಹಾಗೆ. ಬಾವಿಗೆ ಹೋದಳೆಂದರೆ ಒಂದು ಕೊಡ ನೀರಿಗೆ ಒಂದು ಗಂಟೆ. ಅಮಲ್ದಾರರು ಕೆಮ್ಮುವುದನ್ನು, ಪೋಸ್ಟಿನವನು ಮೂಗೇರಿಸುವುದನ್ನು ಮಾಡಿ ತೋರಿಸಿ ಬಾವಿಕಟ್ಟೆಯ ಹೆಂಗಸರನ್ನೆಲ್ಲ ನಗಿಸಿ ನಗಿಸಿ ಸುಸ್ತು ಮಾಡುತ್ತಿದ್ದಳು. ಬರೀ ನಗಿಸುವುದಷ್ಟೇ ಅಲ್ಲ. ಎದುರು ಮನೆಯ ಪೆದ್ದಮ್ಮ ಬೆಳೆದ ಮಗನನ್ನು ಕಳೆದುಕೊಂಡು ನಾಲ್ಕು ದಿನ ತುತ್ತು ಮುಟ್ಟದೆ ಕೂತಿದ್ದಾಗ ಊರವರೆಲ್ಲ ಹೇಳಿ ಸೋತಿದ್ದರು. ಆದಿಲಕ್ಷ್ಮಮ್ಮ ಹೋಗಿ ಪಕ್ಕದಲ್ಲಿ ಕೂತು ಬೆಳಗಿನಿಂದ ಮಧ್ಯಾಹ್ನದವರೆಗೆ ಆ ಹುಡುಗನ ಮಾತನ್ನೇ ಆಡಿದಳು. ಅವನು ಕದ್ದ ಸೀಬೆಕಾಯಿ, ಹತ್ತಿ ಬಿದ್ದ ಮರ, ತಿಂದ ಏಟು, ಒಂದೂ ಬಿಡಲಿಲ್ಲ. ಪೆದ್ದಮ್ಮ ಅತ್ತಳು, ನಡುವೆ ಒಮ್ಮೆ ನಕ್ಕಳು, ಆಮೇಲೆ ಅರ್ಧ ಮುದ್ದೆ ತಿಂದಳು.

ಚನ್ನಕೇಶವನ ಮನೆಮಾತೂ ತೆಲುಗೇ. ಆದರೆ ಕಚೇರಿ ಸೇರಿದ ದಿನದಿಂದ ಅವನು ಅದನ್ನು ಹಳೇ ಅಂಗಿಯ ಹಾಗೆ ಬಿಚ್ಚಿಟ್ಟಿದ್ದ. ಮನೆಯಲ್ಲೂ ಕನ್ನಡವೇ. ಅವನ ಕೈಬರಹವನ್ನು ಅಮಲ್ದಾರರು ಮೆಚ್ಚಿದ್ದರು, ಒಕ್ಕಣೆಯನ್ನು ಶಿರಸ್ತೇದಾರ್ ದಕ್ಷಿಣಾಮೂರ್ತಿಯವರು ಹೊಗಳಿದ್ದರು. ಆ ದಕ್ಷಿಣಾಮೂರ್ತಿಯವರ ಮನೆಯಲ್ಲೇ ಹಿಂದಿನ ವರ್ಷ ಆ ಪ್ರಸಂಗ ನಡೆದದ್ದು.

ಅವರ ಮೊಮ್ಮಗುವಿನ ನಾಮಕರಣ. ಒಳಗೆ ಹೆಂಗಸರು, ಹೊರಗೆ ಜಗುಲಿಯಲ್ಲಿ ಗಂಡಸರು. ದಕ್ಷಿಣಾಮೂರ್ತಿಯವರ ಹೆಂಡತಿ ಸಾವಿತ್ರಮ್ಮ, "ನಿಮ್ಮ ತಾಯಿಯವರು ಹೇಗಿದ್ದಾರಮ್ಮ?" ಎಂದು ಕೇಳಿದರು. ಆದಿಲಕ್ಷ್ಮಮ್ಮ ತನ್ನ ಧಾಟಿಯಲ್ಲೇ, ಬೀದಿಗೆಲ್ಲ ಕೇಳಿಸುವಂತೆ, "ಮಾ ಅಮ್ಮಕಿ ಮೋಕಾಳು ನೊಪ್ಪಿ ಕಣಮ್ಮಾ, ಕೂತ್ಕೊಂಡ್ರೆ ಲೇಯಕ್ಕೇ ಆಗಲ್ಲ!" ಎಂದಳು. ಮಂಡಿನೋವಿನ ಮಾತಿಗೆ ನಗುವಂಥದ್ದೇನಿದೆ? ಆದರೂ ಸೆರಗುಗಳು ಬಾಯಿಗೆ ಹೋದವು. ಜಗುಲಿಯಿಂದ ದಕ್ಷಿಣಾಮೂರ್ತಿಯವರು, "ಏನ್ರೀ ಚನ್ನಕೇಶವಯ್ಯ, ನಿಮ್ಮ ಮನೆ ಮೈಸೂರು ರಾಜ್ಯದಲ್ಲಿದೆಯೋ ಆಂಧ್ರದಲ್ಲಿದೆಯೋ?" ಎಂದರು. ಗಂಡಸರೆಲ್ಲ ಹೋ ಎಂದು ನಕ್ಕರು. ಚನ್ನಕೇಶವನೂ ನಕ್ಕ. ನಗುತ್ತ ತಲೆಯೆತ್ತಿದರೆ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಅವಳು ಆ ಮಾತನ್ನು ಯಾವತ್ತೂ ಎತ್ತಲಿಲ್ಲ. ಎತ್ತಿ ಜಗಳವಾಡಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಮೊನ್ನೆ ಹಲಸೂರಿಗೆ ಹೋದಾಗ ಅವನ ಮನಸ್ಸಿನಲ್ಲಿ ಮೋಸವಿರಲಿಲ್ಲ. ದೇವರಾಣೆಗೂ ಇರಲಿಲ್ಲ. ಗಂಗುಲಪ್ಪ ಮನೆ ತೆಗೆದು ತೋರಿಸಿದ, ಮಜ್ಜಿಗೆ ಕೊಟ್ಟ. ಬಾವಿಕಟ್ಟೆಯಲ್ಲಿ ಯಾರೋ ಹೆಂಗಸು ಗಟ್ಟಿಯಾಗಿ ನಕ್ಕದ್ದು ಥೇಟು ಆದಿಲಕ್ಷ್ಮಮ್ಮನ ನಗುವಿನಂತೆಯೇ ಇತ್ತು. ಆಹಾ, ಇಲ್ಲಿ ಅವಳು ಹಾಯಾಗಿರುತ್ತಾಳೆ ಅಂತ ಅವನಿಗೆ ಅನ್ನಿಸಿದ್ದೂ ನಿಜ. ಅದರ ಹಿಂದೆಯೇ, ದಕ್ಷಿಣಾಮೂರ್ತಿಯವರಿಗೂ ಅದೇ ಕಚೇರಿಗೆ ವರ್ಗವಾಗಿದೆ, ಒಂದು ಭಾನುವಾರ ಅವರು ಇಲ್ಲಿಗೆ ಬಂದರೆ, ಅನ್ನಿಸಿತು. ಐದು ಮನೆಯ ಹೆಂಗಸರು ಸೇರಿ ಆಡುವ ಮಾತು ಕಿವಿಗೆ ಬಿದ್ದರೆ? "ನಾಳಿದ್ದು ಬಂದು ಹೇಳ್ತೀನಿ" ಎಂದು ಮಜ್ಜಿಗೆಯ ಲೋಟ ಕೆಳಗಿಟ್ಟು ನೇರ ಜಯನಗರದ ಕಡೆ ಹೊರಟ. ಹಲಸೂರಿನಿಂದ ಕಚೇರಿ ಹತ್ತಿರ, ಬಾಡಿಗೆಯೂ ಕಡಿಮೆ. ಲೆಕ್ಕ ಯಾವ ಕಡೆಯಿಂದ ಹಾಕಿದರೂ ಹಲಸೂರೇ ಸರಿ ಅನ್ನುವುದು ಗೊತ್ತಿದ್ದೂ ಹೊರಟ.

ಈಗ ಮೂರು ದಿನದಿಂದ ಆದಿಲಕ್ಷ್ಮಮ್ಮ ಗಂಗುಲಪ್ಪನನ್ನು ಶಪಿಸುತ್ತಿದ್ದಳು. ಪಾತ್ರೆ ಗೋಣಿಗೆ ಕಟ್ಟುವಾಗ ಒಂದು ಬೈಗುಳ, ಒರಳುಕಲ್ಲನ್ನು ಪೆದ್ದಮ್ಮನಿಗೆ ಒಪ್ಪಿಸುವಾಗ ಇನ್ನೊಂದು. ಮಜ್ಜಿಗೆ ಕೊಟ್ಟ ಮುದುಕ ಮಾಡದ ತಪ್ಪಿಗೆ ಶಾಪ ತಿನ್ನುತ್ತಿದ್ದ. ಒಂದೊಂದು ಬೈಗುಳ ಕೇಳಿದಾಗಲೂ ಚನ್ನಕೇಶವ ಹೇಳಿಬಿಡೋಣ ಅಂದುಕೊಂಡು ಬಾಯಿ ತೆರೆಯುವನು, ಬಾಯಿಬಿಟ್ಟರೆ ಬಣ್ಣಗೇಡು ಅಂತ ಮುಚ್ಚುವನು.

ನಾಲ್ಕನೆಯ ದಿನ ಸಂಜೆ ಕಚೇರಿಯಿಂದ ಬಂದರೆ ಪಡಸಾಲೆಯ ಕಂಬಕ್ಕೊರಗಿ ಚಿಕ್ಕವೆಂಕಟಮ್ಮ ಕೂತಿದ್ದಳು. ಕೈವಾರಕ್ಕೆ ಹರಕೆ ತೀರಿಸಲು ಬಂದವಳು ಅಕ್ಕನ ಮಗಳನ್ನು ನೋಡಿಕೊಂಡು ಹೋಗೋಣವೆಂದು ಚಿಂತಾಮಣಿಗೂ ಬಂದಿದ್ದಳು. ಅವನನ್ನು ಕಂಡದ್ದೇ ತಡ, ಶುರುವಾಯಿತು.

"ಏನಪ್ಪಾ ಅಳಿಯ, ಚೆನ್ನಾಗಿದೆ ನಿನ್ನ ಮರ್ಯಾದೆ! ನಾಳಿದ್ದು ಬರ್ತೀನಿ ಅಂದೋನು ಪತ್ತೇನೇ ಇಲ್ಲ. ಗಂಗುಲಪ್ಪ ಸುಣ್ಣ ಬಳಿಸಿ ಬೀಗ ಹಾಕ್ಕೊಂಡು ಕಾಯ್ತಾ ಅವ್ನೆ. ಮೂರು ಜನ ಕೇಳಕ್ಕೆ ಬಂದ್ರೂ, ನಮ್ಮ ಚಿಕ್ಕವೆಂಕಟಮ್ಮನ ಅಕ್ಕನ ಮಗಳಿಗೆ ಮಾತು ಕೊಟ್ಟಿದೀನಿ ಅಂತ ವಾಪಸು ಕಳಿಸಿಬಿಟ್ಟ. ಬರೋದು ಯಾವತ್ತು ಹೇಳು, ಅವತ್ತು ಹಾಲು ತಂದಿಟ್ಟಿರ್ತೀನಿ."

ಅವರೆಕಾಯಿ ಸುಲಿಯುತ್ತಿದ್ದ ಆದಿಲಕ್ಷ್ಮಮ್ಮನ ಕೈ ನಿಂತಿತು. ಅವಳು ಗಂಡನ ಮುಖ ನೋಡಿದಳು. ಅವನು ಇಂಗು ತಿಂದ ಮಂಗನ ಹಾಗೆ ನಿಂತಿದ್ದ. ಈಗ ಬೀಳುತ್ತದೆ ಬಾಂಬು, ಗಂಗುಲಪ್ಪನ ಪಾಲಿಗೆ ಬಂದದ್ದೆಲ್ಲ ಬಡ್ಡಿ ಸಮೇತ ನನಗೆ, ಅಂದುಕೊಂಡ. ನಿಜ ಹೇಳಬೇಕೆಂದರೆ ಬೀಳಲಿ ಅಂತಲೇ ಕಾದ.

"ನಾನೇ ಬೇಡ ಅಂದೆ ಪಿನ್ನಮ್ಮಾ" ಎಂದು ಆದಿಲಕ್ಷ್ಮಮ್ಮ ತೆಲುಗಿನಲ್ಲಿ ಹೇಳಿದಳು. "ಮಗೂಗೆ ಜಯನಗರದ ಸ್ಕೂಲು ಚೆನ್ನಾಗಿದೆಯಂತೆ. ನಿನಗೆ ಹೇಳೋಕೆ ಇವರಿಗೆ ಸಂಕೋಚ."

ಚಿಕ್ಕವೆಂಕಟಮ್ಮ ಕಂಬ ಬಿಟ್ಟು ನೆಟ್ಟಗೆ ಕೂತಳು. "ನೀನಾ? ನೀನು ಬೇಡ ಅಂದೆಯಾ?" ಎಂದಳು. ಆಮೇಲೆ, "ಆಗಲಿ ತಲ್ಲೀ. ದೊಡ್ಡ ಆಫೀಸಿನವರಾದ್ರಿ. ನಾವು ಬಾವಿಕಟ್ಟೆಯವರು" ಎಂದು ಎದ್ದಳು. ಊಟಕ್ಕೆ ನಿಲ್ಲಲಿಲ್ಲ. ಆದಿಲಕ್ಷ್ಮಮ್ಮನ ಎಂಟು ವರ್ಷದ ಮಗಳು ಶ್ಯಾಮಲಳ ಕೈಗೆ ಪ್ರಸಾದದ ಪೊಟ್ಟಣ ಕೊಟ್ಟು ಬಸ್ ಸ್ಟ್ಯಾಂಡಿನ ಕಡೆ ಹೊರಟುಬಿಟ್ಟಳು. ಆದಿಲಕ್ಷ್ಮಮ್ಮ ತಿರುವಿನವರೆಗೆ ಹಿಂದೆಯೇ ಹೋದಳು. ಚಿಕ್ಕಮ್ಮ ತಿರುಗಿ ನೋಡಲಿಲ್ಲ.

ವಾಪಸು ಬಂದು ಅವಳು ಮತ್ತೆ ಅವರೆಕಾಯಿಯ ಮುಂದೆ ಕೂತಳು. ಕಾಗೆಯನ್ನೂ ಎರಡು ಮಾತು ಬೈಯದೆ ಬಿಡದವಳು ಈಗ ಬಾಯೇ ತೆರೆಯಲಿಲ್ಲ.

"ನಾಳೇನೇ ಹೋಗ್ತೀನಿ ಕಣೇ" ಎಂದ ಚನ್ನಕೇಶವ. "ಜಯನಗರದ ಮುಂಗಡ ಹೋದರೆ ಹೋಗಲಿ. ಗಂಗುಲಪ್ಪನ ಮನೇನೇ ತಗೊಳ್ಳೋಣ. ಅದೂ... ನಾನು..."

"ಬೇಡಿ" ಎಂದಳು ಆದಿಲಕ್ಷ್ಮಮ್ಮ. ಕನ್ನಡದಲ್ಲೇ ಹೇಳಿದಳು, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಒಂದೊಂದೇ ಪದ ಆರಿಸಿ. "ಜಯನಗರಕ್ಕೇ ಹೋಗೋಣ. ನಿಮಗೆ ಅದೇ ಒಳ್ಳೇದು. ಅಲ್ಲಿ ನಾನು ಮಾತು ಕಡಿಮೆ ಮಾಡ್ತೀನಿ."

ಆಗಲೇ ಅವನು ಎದ್ದು ಬೆಂಗಳೂರಿನ ಬಸ್ಸು ಹತ್ತಬಹುದಿತ್ತು. ಚಿಕ್ಕವೆಂಕಟಮ್ಮ ಇನ್ನೂ ಸ್ಟ್ಯಾಂಡಿನಲ್ಲೇ ಇದ್ದಿರಬೇಕು, ಕಾಲು ಹಿಡಿದು ನಿಜ ಹೇಳಬಹುದಿತ್ತು. ಹೇಳಬೇಕು ಅಂತ ಅನ್ನಿಸಿತು ಕೂಡ. ಆದರೆ ಮನಸ್ಸಿನ ಯಾವುದೋ ಒಂದು ಮೂಲೆ "ಸದ್ಯ!" ಅಂದಿತು. ಆ ಒಂದು "ಸದ್ಯ"ಕ್ಕೆ ಅವನು ತನ್ನನ್ನು ತಾನು ಆಮೇಲೆ ಎಷ್ಟು ಹಳಿದುಕೊಂಡನೋ ಲೆಕ್ಕವಿಲ್ಲ. ಗುರುವಾರ ಲಾರಿ ಬಂತು, ಸಾಮಾನು ಏರಿತು.

ಜಯನಗರದ ಮನೆ ಚೆನ್ನಾಗಿಯೇ ಇತ್ತು. ನಲ್ಲಿ ತಿರುಗಿಸಿದರೆ ನೀರು, ಗುಂಡಿ ಒತ್ತಿದರೆ ಬೆಳಕು. ನೀರಿಗೆಂದು ಹೊರಗೆ ಹೋಗುವ ಹಾಗೇ ಇಲ್ಲ, ಹೋದರೂ ಕಾಣುವುದು ಹುಲ್ಲು ಮೇಯುವ ಎಮ್ಮೆಗಳು. ಆದಿಲಕ್ಷ್ಮಮ್ಮ ಹೇಳಿದ ಮಾತನ್ನು ಉಳಿಸಿಕೊಂಡಳು. ಕೇಳಿದ್ದಕ್ಕೆ ಉತ್ತರ, ಅದೂ ಚೊಕ್ಕ ಕನ್ನಡದಲ್ಲಿ. "ಆಯಿತು." "ಬಡಿಸಲೇ?" "ಸೋಪು ಮುಗಿದಿದೆ." ತಿಂಗಳು ಕಳೆದಮೇಲೆ ಒಂದು ಬೆಳಿಗ್ಗೆ ಶ್ಯಾಮಲ ಅವನ ಸೈಕಲ್ಲಿನ ಹತ್ತಿರ ಬಂದು ಮೆಲ್ಲಗೆ, "ಅಪ್ಪಾ, ಅಮ್ಮಂಗೆ ಗಂಟಲು ನೋವಾ?" ಎಂದು ಕೇಳಿದಳು. ಅವನು ಪೆಡಲ್ಲಿನ ಮೇಲೆ ಕಾಲಿಟ್ಟು, "ಇಲ್ಲಮ್ಮ, ಹುಷಾರಾಗೇ ಇದಾಳೆ" ಎಂದ. ಆವತ್ತು ಕಚೇರಿಯಲ್ಲಿ ಎರಡು ಕಾಗದ ತಪ್ಪಾಗಿ ಬರೆದ.

ಅವನು ಹೆದರಿದ್ದ ಭಾನುವಾರವೂ ಬಂತು. ದಕ್ಷಿಣಾಮೂರ್ತಿಯವರು ಹೆಂಡತಿಯೊಡನೆ ಬಂದರು. ಆದಿಲಕ್ಷ್ಮಮ್ಮ ಬಾಗಿಲಿಗೆ ಹೋಗಿ, "ಬನ್ನಿ, ಕೂತುಕೊಳ್ಳಿ" ಎಂದಳು. ಕೋಡುಬಳೆ ತಂದಿಟ್ಟು, "ತಗೊಳ್ಳಿ" ಎಂದಳು. ತಾಯಿಯ ಮಂಡಿನೋವು ಹೇಗಿದೆಯೆಂದು ಸಾವಿತ್ರಮ್ಮ ಕೇಳಿದರು. ಆದಿಲಕ್ಷ್ಮಮ್ಮ ಒಂದು ಕ್ಷಣ ತಡೆದಳು, ತುಟಿ ಒಂದು ಸಲ ಅಲುಗಿತು. "ಪರವಾಗಿಲ್ಲ" ಎಂದಳು. ಆಮೇಲೆ ಅವಳು ಬಾಯಿಬಿಡಲಿಲ್ಲ. ಗೋಡೆಗೆ ಬೆನ್ನು ಕೊಟ್ಟು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಬೇರೆಯವರು ನಕ್ಕಾಗ ತಾನೂ ಅಷ್ಟೇ ಅಳತೆಗೆ ನಗುತ್ತ ಕೂತಿದ್ದಳು.

ಹೊರಡುವಾಗ ಸಾವಿತ್ರಮ್ಮ ಮೆಟ್ಟಿಲ ಮೇಲೆ ನಿಂತು ಹೇಳಿದರು. "ನಿಮ್ಮ ಮನೆಯವರು ಎಷ್ಟು ಬದಲಾಗಿದಾರಪ್ಪ! ಎಂಥ ಗಂಭೀರ! ಬಾಯಲ್ಲಿ ಬೆರಳಿಟ್ಟರೂ ಕಚ್ಚಲ್ಲ."

"ಜಯನಗರದ ಗಾಳಿ ಕಣ್ರೀ" ಎಂದರು ದಕ್ಷಿಣಾಮೂರ್ತಿಯವರು, ಚನ್ನಕೇಶವನ ಬೆನ್ನು ತಟ್ಟಿ. "ಒಳ್ಳೇ ಜಾಗ ಹುಡುಕಿದಿರಿ."

ಇಂಥ ಮಾತು ಕೇಳಬೇಕೆಂದೇ ತಾನೇ ಅವನು ಇಷ್ಟೆಲ್ಲ ಮಾಡಿದ್ದು? ಕೇಳಿದ್ದಾಯಿತು. ಕೆನ್ನೆಗೆ ಹೊಡೆದ ಹಾಗಿತ್ತು. ಅವನು ಅತಿಥಿಗಳ ಜೊತೆ ಗೇಟಿನವರೆಗೂ ಹೋಗದೆ ಒಳಗೆ ಬಂದ, ನೇರ ಅಡುಗೆಮನೆಗೆ. ಆದಿಲಕ್ಷ್ಮಮ್ಮ ನಲ್ಲಿಯ ಕೆಳಗೆ ಲೋಟ ತೊಳೆಯುತ್ತಿದ್ದಳು. ಅವನ ಕಣ್ಣು ತುಂಬಿತ್ತು. ಬಾಯಿಂದ ಬಂದದ್ದು ಅವನ ಅವ್ವ ಆಡುತ್ತಿದ್ದ ತೆಲುಗು.

"ನಾದೇ ತಪ್ಪು, ಲಚ್ಚಿಮೀ" ಎಂದ ಗಟ್ಟಿಯಾಗಿ. ತಪ್ಪು ನನ್ನದೇ. "ಏಮನ್ನಾ ಮಾಟ್ಲಾಡು. ತಿಟ್ಟು. ಏಮನ್ನಾ ಮಾಟ್ಲಾಡವೇ!" ಬೈದರೂ ಸರಿ, ಏನಾದರೂ ಮಾತಾಡು ಎಂದು ಬೇಡಿಕೊಂಡ.

ಆದಿಲಕ್ಷ್ಮಮ್ಮ ನಲ್ಲಿ ನಿಲ್ಲಿಸಿದಳು. ತಿರುಗಿ ಅವನನ್ನು ನೋಡಿದಳು, ಆಮೇಲೆ ಅವನ ಹೆಗಲ ಮೇಲಿಂದ ಕಿಟಕಿಯ ಕಡೆ.

"ಮೆಲ್ಲಗೆ" ಎಂದಳು ಕನ್ನಡದಲ್ಲಿ. "ಅವರು ಇನ್ನೂ ಗೇಟಿನ ಹತ್ತಿರ ಇದ್ದಾರೆ. ಕೇಳಿಸುತ್ತೆ."

ಸೆರಗಿನಿಂದ ಕೈ ಒರೆಸಿಕೊಂಡು, ಹೋಗಿ ಕಿಟಕಿ ಮುಚ್ಚಿದಳು.